ನಲವತ್ತೈದು ಸೆಕೆಂಡಿನ ಜುಲ್ಮಾನೆ

ಜೂನ್ ಎಂಟು, ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಬೋನಾಳ ಕೆರೆಯ ಏರಿ, ತೂಬಿನ ಕಟ್ಟೆ. ಹಾಜರಿದ್ದವರು ಇಬ್ಬರು, ನಾನು ಮತ್ತು ನಾಗಮ್ಮ. ಬರಬೇಕಾದವಳು ಒಬ್ಬಳು, ನಾಗಮ್ಮನ ಮಗಳು ಮಾಳಮ್ಮ. ಅವಳ ಮುಂದೆ ನೂರಾ ಎಂಬತ್ತು ಕುರಿ.

ಹಿಂದಿನ ದಿನ ನಾಗಮ್ಮ ಫೋನ್ ಮಾಡಿ, "ಮಳಿ ಬಿತ್ತಲ್ರಿ ಅಕ್ಕೋರೆ, ಕುರಿ ಮನಿಗಿ ಬರಾಕತ್ತಾವ. ಮುಂಜಾನಿ ಏರಿ ಮ್ಯಾಲ ಬರ್ರಿ, ಒಂದ್ ಮಾತ್ ಕೇಳೂದದ" ಎಂದಿದ್ದಳು. ಫೋನಿನಲ್ಲೇ ಕೇಳು ಎಂದೆ. ಎದುರಿಗೇ ಆಗಬೇಕು ಎಂದಳು. ಸುರಪುರದಿಂದ ಸ್ಕೂಟಿ ಹತ್ತಿ, ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ತಲುಪಿದೆ. ನನಗೆ ಅರವತ್ತೇಳು ವರ್ಷ. ಆ ಹತ್ತು ನಿಮಿಷ ಇನ್ನೂ ತಪ್ಪಿಲ್ಲ.

ನಾಗಮ್ಮ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೇಳಿದಳು.

"ಶಹಾಪುರದಾಗ ಹೊಸಾ ಆಫೀಸ್ ತಗದಾರಂತ್ರಿ. ಓಡೂ ಮಕ್ಕಳನ್ನ ಕಾಲೇಜಿನ ಟೀಮಿಗಿ ಮುಟ್ಟಸ್ತಾರಂತ. ಮೊದಲಿನವ ನಮಗ ಕೈ ಕೊಟ್ಟ, ಖರೇ. ಇವರು ಚೊಲೋ ಮಂದಿ ಅಂತಾರ. ಮಾಳಿವು ಉಳದ ಮೂರು ಕುರಿ ಈದು ಈಗ ಆರಾಗ್ಯಾವ. ಅವರಪ್ಪನ ಕಾಲು ಈಗ ನೆಟ್ಟಗಾಗ್ಯದ, ಈ ಸಲ ಕುರಿ ಹಿಂದ ತಾನೇ ಹೋಗ್ತೀನಂತಾನ. ಆ ಆರೂ ಮಾರಿ ಇನ್ನೊಂದ್ ಸಲ ನೋಡ್ಲೇನ್ರಿ?"

ಅಷ್ಟರಲ್ಲಿ ಗಾಳಿ ತಿರುಗಿ ವಾಸನೆ ಬಂತು. ಒದ್ದೆ ಉಣ್ಣೆ, ಹಿಕ್ಕೆ, ಮೊದಲ ಮಳೆಗೆ ನೆನೆದ ಕರಿಮಣ್ಣು. ಕುರಿ ಇನ್ನೂ ಕಾಣುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಇದೇ ಜೂನಿನಲ್ಲಿ, ಇದೇ ವಾಸನೆಯ ಹಿಂದೆ, ಹದಿನೆಂಟು ವರ್ಷದ ಮಾಳಮ್ಮ ಕೋಲು ಹಿಡಿದು ಗುಡ್ಡದ ಕಡೆ ನಡೆದು ಹೋಗಿದ್ದಳು. ಅದಕ್ಕೆ ಮುಂಚಿನ ಒಂಬತ್ತು ತಿಂಗಳಲ್ಲಿ ಏನಾಯಿತು ಎಂಬುದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ.

ನಾನು ಮೂವತ್ತೊಂದು ವರ್ಷ ಸರಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಕಿಯಾಗಿದ್ದವಳು. ಓದಿದ್ದು ಯಾದಗಿರಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇದ್ದುಕೊಂಡು. ನಾಲ್ಕೂ ಮುಕ್ಕಾಲಿಗೆ ಗಂಟೆ, ಐದಕ್ಕೆ ಸಾಲು, ಐದೂ ಕಾಲಿಗೆ ಓಟ. ನಮ್ಮ ವಾರ್ಡನ್ ಬಾಯಿ ಗೋಡೆಯ ಗಡಿಯಾರವನ್ನು ಬೇಕೆಂದೇ ಹತ್ತು ನಿಮಿಷ ಮುಂದೆ ಇಟ್ಟಿದ್ದರು. "ಗಡಿಯಾರ ಖರೇ ಹೇಳಿದ್ರ ನೀವು ಮೈಗಳ್ಳರಾಗ್ತೀರಿ" ಎನ್ನುತ್ತಿದ್ದರು. ಅವರ ಸ್ವಂತ ಅಣ್ಣನ ಮಗಳು ಕೊಕ್ಕೊ ತಂಡಕ್ಕೆ ಸೇರಬೇಕೆಂದಾಗ ಅಣ್ಣನನ್ನೇ ಬಾಗಿಲಲ್ಲಿ ನಿಲ್ಲಿಸಿ, "ಇಲ್ಲಿ ವಶೀಲಿ ನಡಿಯಂಗಿಲ್ಲ" ಎಂದು ಕಳಿಸಿದರು. ನಾನು ಆಗ ಒಂಬತ್ತನೇ ತರಗತಿ. ಬದುಕಿದರೆ ಹೀಗೆ ಬದುಕಬೇಕು ಎಂದುಕೊಂಡೆ. ಅವರಿಂದ ಎರಡು ಕಲಿತೆ. ಗಡಿಯಾರ ಕಟುವಾಗಿರಬೇಕು. ಯಾರ ಪರವಾಗಿಯೂ ಒಂದು ಮಾತು ಆಡಬಾರದು.

ನಿವೃತ್ತಿಯಾದ ಮೇಲೆ ಬೆಳಿಗ್ಗೆ ಐದೂವರೆಗೆ ಬೋನಾಳ ಏರಿಗೆ ಬಂದು, ಬಂದ ಮಕ್ಕಳನ್ನು ಓಡಿಸುತ್ತಿದ್ದೆ. ಮಾಳಮ್ಮ ಸಿಕ್ಕಿದ್ದು ಅಲ್ಲೇ. ಗುಂಪು ಬಿಟ್ಟು ಓಡಿದ ಒಂದು ಕುರಿಯ ಹಿಂದೆ ಬರಿಗಾಲಲ್ಲಿ ಬಂದವಳು, ಕುರಿ ಹಿಡಿದ ಮೇಲೂ ಏದುಸಿರು ಬಿಡದೆ, "ನಾನೂ ಓಡ್ಲೇನ್ರಿ?" ಎಂದು ಕೇಳಿದಳು.

ತೂಬಿನಿಂದ ಕೋಡಿಯವರೆಗೆ ಏಳುನೂರ ಐವತ್ತು ಮೀಟರ್. ಟೇಪು ಹಿಡಿದು ಮೂರು ಸಲ ಅಳೆದದ್ದು. ಎರಡು ಸಲ ಹೋಗಿ ಬಂದರೆ ಮೂರು ಸಾವಿರ ಮೀಟರ್. ನಡುವೆ ಮೂರು ತಿರುವು. ಪ್ರತಿ ತಿರುವಿಗೆ ಹದಿನೈದು ಸೆಕೆಂಡು ನಾನು ಕೂಡಿಸಿಯೇ ಪುಸ್ತಕದಲ್ಲಿ ಬರೆಯುತ್ತಿದ್ದೆ. ಯಾರಿಗಾದರೂ ಅಷ್ಟೇ, ಯಾವ ದಿನವಾದರೂ ಅಷ್ಟೇ. ಊರಿನ ಏರಿಯ ಮೇಲೆ ಓಡುವುದು ಬೇರೆ, ಹೊರಗಿನ ಮೈದಾನದಲ್ಲಿ ಎದೆ ಹೊಡೆದುಕೊಳ್ಳುವಾಗ ಓಡುವುದು ಬೇರೆ. ಪುಸ್ತಕ ನೋಡಿ ಉಬ್ಬಿದ ಹುಡುಗಿ ಅಲ್ಲಿ ಸೋಲುತ್ತಾಳೆ ಎಂಬುದು ನನ್ನ ಲೆಕ್ಕ. ಹುಡುಗಿಯರು ಅದಕ್ಕೆ ತಿರುವಿನ ಜುಲ್ಮಾನೆ ಎಂದು ಹೆಸರಿಟ್ಟಿದ್ದರು. "ಅಕ್ಕೋರ ಗಡಿಯಾರ ಎಮ್ಮಿ ಮ್ಯಾಲ ಕುಂತ್ ಬರ್ತದ" ಎಂದು ಮಾಳಮ್ಮ ಹಿಂದಿನಿಂದ ಹೇಳುವುದು ನನಗೆ ಕೇಳಿಸುತ್ತಿತ್ತು. ಕೇಳಿಸದ ಹಾಗೆ ಇರುತ್ತಿದ್ದೆ.

ಆ ವರ್ಷ ಅವಳು ಸುರಪುರದಲ್ಲಿ ಪಿಯುಸಿ ಎರಡನೇ ವರ್ಷ. ಸೆಪ್ಟೆಂಬರಿನಲ್ಲಿ ಜಿಲ್ಲಾ ಕ್ರೀಡಾಕೂಟ. ಅದಕ್ಕೆ ಐದು ದಿನ ಮೊದಲು ಅವಳ ಅಪ್ಪ ಸಿದ್ದಪ್ಪ ಕಾಲುವೆಯ ದಂಡೆಯಲ್ಲಿ ಜಾರಿ ಮೊಣಕಾಲು ಮುರಿದುಕೊಂಡ. ನಾಗಮ್ಮ ಗಂಡನ ಜೊತೆ ದವಾಖಾನೆಯಲ್ಲಿ, ಕುರಿಯ ಜೊತೆ ಮಾಳಮ್ಮ. ಕ್ರೀಡಾಕೂಟ ಮುಗಿದು ಹೋಯಿತು. ಅವಳ ಓಟಕ್ಕೆ ಸರ್ಟಿಫಿಕೇಟು ಇಲ್ಲದೆ ಹೋದದ್ದು ಹೀಗೆ. ಇದ್ದ ಪುರಾವೆ ಒಂದೇ, ನನ್ನ ನೀಲಿ ರಟ್ಟಿನ ಪುಸ್ತಕ.

ದೀಪಾವಳಿಗೆ ಸಿದ್ದಪ್ಪ ಹೊರಸಿನ ಮೇಲೆ ಕಾಲು ಚಾಚಿಕೊಂಡು ನನ್ನೆದುರಿಗೇ ತೀರ್ಮಾನ ಹೇಳಿದ.

"ಅಕ್ಕೋರೆ, ಬರೂ ಜೂನ್ ತನಕ ಆಳ್ ಇಡ್ತೀನಿ. ಆಳು ಕೂಲಿಗಿ ಮರಿ ಕೇಳ್ತಾನ. ಎರಡ್ ವರ್ಷ ಹಿಂಗ ಕೊಟ್ರ ಕುರಿ ಅವನ್ದು ಆಗ್ತದ, ಕೋಲ್ ನಂದು ಉಳೀತದ. ಜೂನ್‌ದಾಗ ಇಕಿ ಓಡೂದು ನೋಡಿ ಯಾವರ ಕಾಲೇಜಿನ್ಯಾರು ಕರದ್ರ ಇಕಿ ಹೋಗ್ಲಿ. ಕರೀಲಿಲ್ಲಂದ್ರ ಕುರಿ ಹಿಂದ ಹೋಗ್ಲಿ. ನನ್ನ ಕೈಯಾಗಿಂದು ಇಷ್ಟ."

ಅನ್ಯಾಯದ ಮಾತಲ್ಲ. ಮಾಳಮ್ಮ ಬಾಗಿಲ ಪಕ್ಕ ನಿಂತು ಕೇಳಿಸಿಕೊಂಡಳು. ಮರುದಿನ ಬೆಳಿಗ್ಗೆ ಐದಕ್ಕೇ ಏರಿಯ ಮೇಲಿದ್ದಳು, ನನಗಿಂತ ಮೊದಲು.

ನವೆಂಬರಿನ ಮೊದಲ ವಾರ ನಾಗಮ್ಮ ನನ್ನ ಹತ್ತಿರ ಬಂದಳು. "ಸಮುದ್ರದ ಕಡಿ ಒಂದ್ ಕಾಲೇಜಿನ್ಯಾಗ ಓಡೂ ಹುಡುಗ್ಯಾರಿಗಿ ಊಟ, ಹಾಸ್ಟೆಲು, ಫೀಜು ಎಲ್ಲಾ ಫುಕಟ್ ಅಂತ್ರಿ. ನೀವೊಂದು ಫೋನ್ ಹಚ್ಚರಿ. ನಿಮ್ಮ ಮಾತಿಗಿ ಕಿಮ್ಮತ್ತದ."

"ನಾ ಯಾರಿಗೂ ವಶೀಲಿ ಹಚ್ಚಿಲ್ಲ ನಾಗಮ್ಮ, ಹಚ್ಚಂಗಿಲ್ಲ. ಓಟ ಖರೇ ಇದ್ರ ಅವರೇ ಕರೀತಾರ."

"ಅವರಿಗಿ ಹ್ಯಾಂಗ್ ಗೊತ್ತಾಗ್ಬೇಕ್ರಿ? ಇಲ್ಲಿ ಕೆರಿ ದಂಡಿಗಿ ಓಡಿದ್ರ ಹಕ್ಕಿ ನೋಡ್ತಾವ, ಅಷ್ಟ."

ನಾನು ಜಗ್ಗಲಿಲ್ಲ. ಹದಿನೈದು ದಿನದಲ್ಲಿ ನಾಗಮ್ಮ ತಾನೇ ದಾರಿ ಹುಡುಕಿಕೊಂಡಳು. ಯಾದಗಿರಿಯ ಒಬ್ಬ ಹುಡುಗ, ಹೆಸರು ಪ್ರಶಾಂತ, ಹಣ ತೆಗೆದುಕೊಂಡು ಆಟಗಾರ ಮಕ್ಕಳ ವಿವರವನ್ನು ಕಾಲೇಜುಗಳಿಗೆ ಮುಟ್ಟಿಸುತ್ತಾನೆ ಎಂದು ಯಾರೋ ಹೇಳಿದ್ದರು. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಬಂದವನೇ ಏರಿಯ ಮೇಲೆ ನಿಂತು ಹೇಳಿದ.

"ಸೀಟಿಂದು ಗ್ಯಾರಂಟಿ ಕೊಡಂಗಿಲ್ರಿ ಅಮ್ಮಾರೆ. ಹೆಸರು, ಟೈಮಿಂಗ್, ವಿಡಿಯೊ ಚಂದಾಗಿ ಮಾಡಿ ನಲವತ್ತು ಕಾಲೇಜಿಗಿ ಕಳಸ್ತೀನಿ. ಕರೀದು ಬಿಡೋದು ಅವರಿಗಿ ಸೇರಿದ್ದು."

ಈಗ ಯೋಚಿಸಿದರೆ ಅವನು ಅಂದು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆಮೇಲೆ ಫೋನಿನಲ್ಲಿ ರಾಮಸಮುದ್ರದ ಒಬ್ಬ ಉದ್ದ ಜಿಗಿತದ ಹುಡುಗನ ಫೋಟೊ ತೋರಿಸಿ, "ಇವನ್ನ ನಾನೇ ಕಳಿಸಿದ್ದು" ಎಂದ. ಆ ಹುಡುಗ ನನಗೆ ಗೊತ್ತು. ರಾಜ್ಯ ಮಟ್ಟದಲ್ಲಿ ಪದಕ ತಂದವನು, ಅವನ ಮನೆ ಬಾಗಿಲಿಗೆ ಕಾಲೇಜಿನವರೇ ಬಂದು ಕೂತಿದ್ದರು. ಪ್ರಶಾಂತ ಹೋದ ಮೇಲೆ ನಾಗಮ್ಮನಿಗೆ ಹೇಳಿದೆ. "ಹೊಂಟ ಬಸ್ಸಿಗಿ ಕೈ ಬೀಸಿ, ನಾನೇ ಹೊಂಡಸಿದೆ ಅನ್ನೂ ಮನಷ್ಯಾ ಇವ."

"ನಮ್ಮ ಬಸ್ಸು ಹೊಂಟೇ ಇಲ್ಲಲ್ರಿ ಅಕ್ಕೋರೆ" ಎಂದಳು ನಾಗಮ್ಮ. "ಇವ ಕೈಯರ ಬೀಸ್ತಾನ. ನೀವು ಅದನ್ನೂ ಮಾಡ್ಲಿಲ್ಲ."

ಅವರ ಮನೆಯಲ್ಲಿ ಒಂದು ಪದ್ಧತಿ ಇದೆ. ಹೆಣ್ಣುಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ಒಂದು ಹೆಣ್ಣು ಮರಿಯ ಕಿವಿಗೆ ಗುರುತು ಮಾಡಿ ಅವಳ ಹೆಸರಿಗೆ ಬಿಡುತ್ತಾರೆ. ಅದು ಈದ ಮರಿ, ಮರಿಯ ಮರಿ, ಎಲ್ಲ ಅವಳದೇ. ಅಪ್ಪನೂ ಕೇಳದೆ ಮುಟ್ಟುವ ಹಾಗಿಲ್ಲ. ಮಾಳಮ್ಮನ ಹೆಸರಿಗೆ ಹದಿನಾಲ್ಕು ಕುರಿ ಇದ್ದವು. ಅದರಲ್ಲಿ ಹನ್ನೊಂದು ಶಹಾಪುರದ ಸಂತೆಗೆ ಹೋದವು. ಮಾಳಮ್ಮ ತಾನೇ ಆರಿಸಿ, ತಾನೇ ಟಂಟಂ ಗಾಡಿಗೆ ಹತ್ತಿಸಿದಳು. ಬಂದ ರೊಕ್ಕ ಪ್ರಶಾಂತನಿಗೆ.

ಅವನು ಟೈಮಿಂಗ್ ಕೇಳಿದ. ನಾನು ಪುಸ್ತಕ ಕೊಟ್ಟೆ. ಮೂರು ಸಾವಿರ ಮೀಟರ್, ಅವಳ ಅತಿ ಒಳ್ಳೆಯ ಓಟ, ಪುಸ್ತಕದ ಪ್ರಕಾರ ಹನ್ನೊಂದು ನಿಮಿಷ ಏಳು ಸೆಕೆಂಡು. ಗಡಿಯಾರ ತೋರಿಸಿದ್ದು ಹತ್ತು ನಿಮಿಷ ಇಪ್ಪತ್ತೆರಡು.

"ಇದು ಪಕ್ಕಾ ಏನ್ರಿ ಮೇಡಂ?"

"ನನ್ನ ಪುಸ್ತಕದಾಗ ಎರಡ್ ಮಾತಿಲ್ಲ" ಎಂದೆ.

ಆ ಕ್ಷಣ ಜುಲ್ಮಾನೆಯ ವಿಷಯ ಮರೆತಿದ್ದೆನೇ? ಇಲ್ಲ, ನೆನಪಿತ್ತು. ಕಾಗದಕ್ಕಿಂತ ಕಾಲು ಮೇಲಿರಬೇಕು, ಅವರು ಕರೆದು ಓಡಿಸಲಿ, ಓಡಿದಾಗ ಬೆಚ್ಚಿ ಬೀಳಲಿ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಒಳಗೆ ಹೆಮ್ಮೆಯೂ ಇತ್ತು. ಕಾಗದ ನೋಡಿಯೇ ಕರೆಯುತ್ತಾರೆ ಎಂಬ ಸರಳ ವಿಷಯ ನನ್ನ ತಲೆಗೆ ಹೊಳೆಯಲಿಲ್ಲ.

ಡಿಸೆಂಬರಿನಲ್ಲಿ ವಿಡಿಯೊ. ಪ್ರಶಾಂತ ಬೈಕಿನ ಹಿಂದೆ ತಿರುಗಿ ಕೂತು ಫೋನಿನಲ್ಲಿ ಹಿಡಿದ. ಬೂಟು ಹಾಕಲೇಬೇಕು ಎಂದ. ಬರಿಗಾಲ ಹುಡುಗಿಗೆ ಹೊಸ ಬೂಟು ಕಚ್ಚಿ ಹಿಮ್ಮಡಿ ಸುಲಿದವು. ಎರಡನೇ ಸಲ ಓಡುವಾಗ, "ಅಮ್ಮಾರೆ, ಹಿಂದ ಕುರಿ ಕಾಣ್ತಾವ, ಸ್ವಲ್ಪ ಸರಸ್ರಿ" ಎಂದು ಕೂಗಿದ.

"ಎಲ್ಲಿಗಿ ಸರಸ್ಲೋ ಯಪ್ಪಾ?" ನಾಗಮ್ಮ ಕೂಗಿದಳು. "ಅವು ಇಲ್ಲಂದ್ರ ಇಕಿ ಓಡಾಕ ಕಲೀತಿದ್ದಿಲ್ಲ. ಅವಕ್ಕೂ ಒಂದ್ ಸೀಟ್ ಕೇಳು!"

ಎಲ್ಲರೂ ನಕ್ಕೆವು. ಕೆರೆಯಿಂದ ಕೊಕ್ಕರೆಗಳು ಎದ್ದು ಹಾರಿದವು. ಆ ವರ್ಷ ನಾವು ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಜನವರಿಯಲ್ಲಿ ಕಾಲೇಜುಗಳಿಗೆ ಎಲ್ಲ ಹೋಯಿತು ಎಂದು ಪ್ರಶಾಂತ ಹೇಳಿದ. ಆಮೇಲೆ ಕಾಯುವುದು. ಊರಿನಲ್ಲಿ ಅವರ ಫೋನಿಗೆ ಸಿಗ್ನಲ್ ಬರುತ್ತಿದ್ದದ್ದು ತೂಬಿನ ಕಟ್ಟೆಯ ಮೇಲೆ ಮಾತ್ರ. ಹಾಗಾಗಿ ನಾಗಮ್ಮ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದಿನಕ್ಕೆ ಎರಡು ಸಲ ಕಟ್ಟೆಗೆ ಬಂದು, ಹಿರಿಯರ ಮುಂದೆ ಕೂತ ಹಾಗೆ ಅದರ ಮುಂದೆ ಕೂರುತ್ತಿದ್ದಳು. ಒಂದು ದಿನ ಅದು ರಿಂಗಾಯಿತು. ಮಾಳಮ್ಮ ಕೋಡಿ ಮುಟ್ಟುವ ಮೊದಲೇ ತಿರುಗಿ ಓಡಿ ಬಂದಳು.

"ಯಾರಬೇ?"

"ಯಾರೋ ಹಿಂದಿ ಮಾತಾಡಾಕತ್ತಾರ. ಸಾಲ ಬೇಕೇನು ಅನ್ನಾಕತ್ತಾರ."

ಮಾಳಮ್ಮ ವಾಪಸು ಕೋಡಿಯವರೆಗೆ ಹೋಗಿ, ಅಲ್ಲಿಂದ ಓಟ ಪೂರ್ತಿ ಮಾಡಿದಳು. ನಾನು ತಪ್ಪದೆ ಜುಲ್ಮಾನೆ ಕೂಡಿಸಿ ಬರೆದೆ.

ಫೆಬ್ರುವರಿ ಹೋಯಿತು. ಮಾರ್ಚಿನಲ್ಲಿ ಪರೀಕ್ಷೆ ಬರೆದಳು. ಏಪ್ರಿಲ್ ಬಂದಾಗ ಏರಿಯ ಮಣ್ಣು ಸುಟ್ಟ ಹಂಚಿನಂತಾಗಿ ಓಟವನ್ನು ನಾಲ್ಕೂವರೆಗೆ ತಂದೆ. ಅವಳ ಮುಖ ಸಣ್ಣದಾಯಿತು. ಮಾತು ನಿಂತಿತು. ಗಡಿಯಾರದ ಮೇಲೆ ಜೋಕು ಮಾಡುವುದನ್ನೂ ಬಿಟ್ಟಳು. ಓಡಿ ಬಂದು ಕಟ್ಟೆಯ ಮೇಲಿನ ಫೋನಿನ ಚೀಲವನ್ನು ಒಮ್ಮೆ ನೋಡುವಳು, ನೀರು ಕುಡಿಯುವಳು, ಹೋಗುವಳು. ಒಂದು ಬೆಳಿಗ್ಗೆ ಕೇಳಿದಳು.

"ಅಕ್ಕೋರೆ, ನಾ ಸಾಲಂಗಿಲ್ಲೇನ್ರಿ?"

"ಸಾಲ್ತಿ. ಕಾಲ್ ಎತ್ತಿ ಇಡು" ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಅಭ್ಯಾಸ ನನಗಿರಲಿಲ್ಲ.

ಮೇ ತಿಂಗಳ ಮಧ್ಯದಲ್ಲಿ ಪ್ರಶಾಂತ ಫೋನ್ ಮಾಡಿ, ಇನ್ನೂ ದೊಡ್ಡದೊಂದು ಪ್ಯಾಕೇಜ್ ಇದೆ, ಅದಕ್ಕೆ ಸೇರಿದರೆ ಕೋಚುಗಳಿಗೆ ನೇರವಾಗಿ ಹೋಗುತ್ತದೆ ಎಂದ. ನಾಗಮ್ಮ ಉಳಿದ ಮೂರು ಕುರಿಯ ಕಡೆ ನೋಡತೊಡಗಿದಳು. ಆಗ ನಾನು ಎದ್ದೆ. ಶಹಾಪುರದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನ ಒಂದೂವರೆಗೆ ಯಾದಗಿರಿಯಲ್ಲಿ ಇಳಿದೆ. ಬಿಸಿಲಿಗೆ ರಸ್ತೆಯಲ್ಲಿ ನಾಯಿಯೂ ಇರಲಿಲ್ಲ. ಅವನ ಆಫೀಸು ಸ್ಟೇಷನ್ ರಸ್ತೆಯ ಒಂದು ಮಾಳಿಗೆಯಲ್ಲಿ. ಎರಡು ಕುರ್ಚಿ, ಒಂದು ಕಂಪ್ಯೂಟರು.

ಅವನು ಎದ್ದು ನಿಂತು ನೀರು ಕೊಟ್ಟ. ನಾನು ಜಗಳಕ್ಕೆ ತಯಾರಾಗಿ ಹೋಗಿದ್ದೆ. ಅವನು ಕಂಪ್ಯೂಟರ್ ತಿರುಗಿಸಿ ಎಲ್ಲ ತೋರಿಸಿದ. ನಲವತ್ತು ಕಾಲೇಜಿಗೂ ಕಳಿಸಿದ್ದ. ಮೂವತ್ತು ಕಡೆ ತೆರೆದು ನೋಡಿದ್ದರು. ಮಾಳಮ್ಮನ ಪುಟ ಚಂದವಿತ್ತು. ಮೇಲೆ ಅವಳ ನಗುವ ಫೋಟೊ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಹನ್ನೊಂದು ನಿಮಿಷ ಏಳು ಸೆಕೆಂಡು.

"ವಿಡಿಯೊ ನೋಡ್ಯಾರೇನು?"

"ಇಲ್ರಿ ಮೇಡಂ. ಅವರಿಗಿ ದಿನಾ ಇಂಥವು ರಾಶಿ ಬರ್ತಾವ. ಮೊದಲು ಟೈಮ್ ನೋಡ್ತಾರ. ಸಾಲದಿದ್ರ ಅಲ್ಲೇ ಬಿಡ್ತಾರ. ನಾ ಏನ್ ಮಾಡ್ಲಿ, ನೀವ್ ಕೊಟ್ಟಿದ್ದು ಹಾಕೀನಿ."

ಹೌದು. ನಾನು ಕೊಟ್ಟದ್ದನ್ನೇ ಹಾಕಿದ್ದ.

ಸಮುದ್ರದ ಕಡೆಯ ಆ ಕಾಲೇಜಿನ ಕೋಚ್ ನಂಬರು ಕೊಡು ಎಂದೆ. ಮೆಟ್ಟಿಲ ಮೇಲೆ ನಿಂತು, ಜೀವನದಲ್ಲಿ ಮೊದಲ ಸಲ, ಒಬ್ಬ ಹುಡುಗಿಯ ಪರವಾಗಿ ಫೋನ್ ಹಚ್ಚಿದೆ. ಎತ್ತಿದ್ದು ಒಬ್ಬ ಹೆಣ್ಣುಮಗಳು. ಸ್ಪಷ್ಟ ಮಾತು. ನಾನು ಯಾರು, ಯಾವ ಹುಡುಗಿ, ಜುಲ್ಮಾನೆ ಎಂದರೇನು ಎಲ್ಲ ಹೇಳಿದೆ.

"ಅಮ್ಮಾ, ಹತ್ತು ಇಪ್ಪತ್ತೆರಡು ಅಂತ ಇದ್ದಿದ್ದರೆ ನಾನೇ ರೈಲು ಹತ್ತಿ ಬರುತ್ತಿದ್ದೆ. ನಮ್ಮ ಪಟ್ಟಿ ಹೋದ ವಾರ ಮುಗಿಯಿತು. ಹಾಸ್ಟೆಲಿನಲ್ಲಿ ಒಂದು ಮಂಚವೂ ಇಲ್ಲ."

"ದುಡ್ಡು ಕೊಟ್ಟು ಕಳಿಸಿದ್ದಾರೆ, ಬಡವರು" ಎಂದೆ.

"ಅದಕ್ಕೆ ಯಾಕೆ ಕೊಟ್ಟರು? ಆ ಪುಟಗಳನ್ನು ನಾವು ಟೈಮಿಗಾಗಿ ಮಾತ್ರ ತೆರೆಯುತ್ತೇವೆ. ನಾನು ಮಕ್ಕಳನ್ನು ಆರಿಸುವುದು ಕ್ರೀಡಾಕೂಟದಲ್ಲಿ ಕಣ್ಣಾರೆ ಕಂಡು, ಇಲ್ಲವೆ ಯಾವುದೋ ಊರಿನ ಪಿ.ಟಿ. ಟೀಚರ್ ಫೋನ್ ಮಾಡಿ 'ಈ ಹುಡುಗಿಯನ್ನು ಒಮ್ಮೆ ನೋಡಿ' ಅಂದರೆ. ನೀವು ನವೆಂಬರಿನಲ್ಲಿ ಯಾಕೆ ಮಾಡಲಿಲ್ಲ?"

ಮುಂದಿನ ವರ್ಷ ಬೇಗ ಫೋನ್ ಮಾಡಿ ಎಂದು ಆಕೆ ಫೋನ್ ಇಟ್ಟರು.

ವಾಪಸು ಬರುವಾಗ ಶಹಾಪುರದ ಬಸ್ ನಿಲ್ದಾಣದಲ್ಲಿ ಸುರಪುರದ ಬಸ್ಸು ನನ್ನ ಕಣ್ಣೆದುರಿಗೆ ನಿಂತಿತು, ಜನ ಹತ್ತಿದರು, ಹೊರಟು ಹೋಯಿತು. ನಾನು ಬೆಂಚಿನ ಮೇಲೆ ಕೂತೇ ಇದ್ದೆ. ಅದುವರೆಗೆ ನಾನು ಒಂದು ಬಸ್ಸನ್ನೂ ತಪ್ಪಿಸಿಕೊಂಡವಳಲ್ಲ.

ಮರುದಿನ ಬೋನಾಳಕ್ಕೆ ಹೋದೆ, ಹೇಳಲೆಂದೇ ಹೋದೆ. ಪಟ್ಟಿ ಮುಗಿದಿದೆ ಎಂಬಷ್ಟು ಹೇಳುತ್ತಿದ್ದಂತೆ ಸಿದ್ದಪ್ಪ ಹೊರಸಿನಿಂದ ಎದ್ದು ಪ್ರಶಾಂತನನ್ನು ಬೈಯಲು ಶುರು ಮಾಡಿದ. ನಾಗಮ್ಮ ಮಣ್ಣು ತೂರಿ ಶಾಪ ಹಾಕಿದಳು. ನನ್ನ ಕೈಯಲ್ಲಿ ಚಹಾ ಲೋಟ ಇತ್ತು. ಕುಡಿದೆ. ಉಳಿದ ಮಾತು ಹೇಳಲಿಲ್ಲ. ಜೂನ್ ಬಂತು, ಮಳೆ ಬಂತು. ಆಳನ್ನು ಬಿಡಿಸಿದರು. ಮಾಳಮ್ಮ ಬೂಟುಗಳನ್ನು ತೊಳೆದು ಗೂಟಕ್ಕೆ ತೂಗುಹಾಕಿ ಕೋಲು ತೆಗೆದುಕೊಂಡಳು. ದೀಪಾವಳಿಯ ನಂತರ ಕೆಳಗಿನ ನೀರಾವರಿ ಹೊಲಗಳಿಗೆ ಕುರಿ ತರುಬಲು ಹೋದಳು. ಗೊಬ್ಬರಕ್ಕಾಗಿ ಇಡೀ ಮಂದೆಯನ್ನು ಒಬ್ಬೊಬ್ಬರ ಹೊಲದಲ್ಲಿ ರಾತ್ರಿಯಿಡೀ ನಿಲ್ಲಿಸುವ ಕೆಲಸ. ಮುಂದಿನ ವರ್ಷ ಕೋಚಿಗೆ ನಾನು ಫೋನ್ ಮಾಡಲಿಲ್ಲ. ಮಾಡಬೇಕಾದರೆ ಮೊದಲು ಇವರಿಗೆ ನಿಜ ಹೇಳಬೇಕಿತ್ತು. ಕಳೆದ ಮಳೆಗಾಲ ಅವಳು ಊರಲ್ಲೇ ಇದ್ದಳು. ನಾನು ಬೋನಾಳಕ್ಕೆ ಬರುವುದನ್ನೇ ಬಿಟ್ಟಿದ್ದೆ, ಮೊಣಕಾಲು ನೋವೆಂದು ಹೇಳಿ.

ಇಂದು ಆರು ಗಂಟೆ ಐದು ನಿಮಿಷಕ್ಕೆ ಕುರಿ ಏರಿಯ ಮೇಲೆ ಹತ್ತಿದವು. ಹಿಂದೆ ಮಾಳಮ್ಮ, ತಲೆಯ ಮೇಲೆ ಕಂಬಳಿಯ ಕೊಪ್ಪೆ, ಕಂಕುಳಲ್ಲಿ ಒಂದು ಎಳೆ ಮರಿ. ಬಿಸಿಲಿಗೆ ಕಪ್ಪಾಗಿದ್ದಳು, ಅಗಲವಾಗಿದ್ದಳು. ನನ್ನನ್ನು ನೋಡಿ ಮರಿಯನ್ನು ಕೆಳಗಿಟ್ಟು ನೇರ ನಿಂತಳು, ನಾನು ಕಲಿಸಿದ ಹಾಗೆ, ಹಿಮ್ಮಡಿ ಕೂಡಿಸಿ.

"ಆರಾಮ್ ಅದೀರೇನ್ರಿ ಅಕ್ಕೋರೆ? ಮೊಣಕಾಲ್ ಹ್ಯಾಂಗದ?"

"ಮೊಣಕಾಲಿಗಿ ಏನೂ ಆಗಿಲ್ಲ" ಎಂದೆ. ಆಮೇಲೆ ನಿಲ್ಲಿಸದೆ ಎಲ್ಲ ಹೇಳಿದೆ. ಶಹಾಪುರದ ಆಫೀಸಿಗೆ ಒಂದು ಕುರಿಯನ್ನೂ ಕೊಡಬೇಡಿ ಎಂದೆ. ಮೊದಲಿನವನು ಕೈ ಕೊಡಲಿಲ್ಲ, ಕೈ ಕೊಟ್ಟವಳು ನಾನು ಎಂದೆ. ನಲವತ್ತೈದು ಸೆಕೆಂಡು, ಆ ಫೋನು, ಆ ಕೋಚ್ ಆಡಿದ ಮಾತು, ಯಾವುದನ್ನೂ ಬಿಡಲಿಲ್ಲ.

ನಾಗಮ್ಮ ಸೆರಗು ಬಿಟ್ಟು ನನ್ನ ಎದುರಿಗೆ ಬಂದು ನಿಂತಳು.

"ಎರಡ್ ವರ್ಷ ಆ ಹುಡುಗಗ ಬೈದೀವಿ. ಅವನ ಮನಿಗಿ ಬೆಂಕಿ ಬೀಳ್ಲಿ ಅಂದೀವಿ. ನೀವು ಅಲ್ಲೇ ಕುಂತಿದ್ರಿ ಅಕ್ಕೋರೆ. ಚಾ ಕುಡ್ಯಾಕತ್ತಿದ್ರಿ."

"ಹೌದು."

"ನಾ ನವಂಬರ್‌ದಾಗ ನಿಮ್ಮ ಕಾಲ್ ಹಿಡದೀನಿ."

"ಹೌದು."

ಅವಳು ಮಗಳ ತಲೆಯ ಕಂಬಳಿ, ಕೈಯ ಕೋಲು ಕಸಿದುಕೊಂಡು, ಕುರಿಗಳನ್ನು ಹೊಡೆದುಕೊಂಡು ಇಳಿದು ಹೋದಳು. ತಿರುಗಿ ನೋಡಲಿಲ್ಲ. ಮಾಳಮ್ಮ ನಿಂತೇ ಇದ್ದಳು.

"ಜುಲ್ಮಾನಿ ನನಗ ಗೊತ್ತಿತ್ತಲ್ರಿ" ಎಂದಳು ಮೆಲ್ಲಗೆ. "ಎಲ್ಲಾರ್ಗೂ ಗೊತ್ತಿತ್ತು. ಆ ಸರ್‌ಗ ನೀವು ತಗದು ಹೇಳಿರ್ತೀರಿ ಅಂತ ತಿಳಕೊಂಡಿದ್ದೆ. ಹತ್ತು ಇಪ್ಪತ್ತೆರಡು ನೋಡೀನೂ ಕರೀಲಿಲ್ಲ ಅಂದ್ರ, ನಾ ಸಾಲಂಗಿಲ್ಲ ಅಂತ ಕುರಿ ಹಿಂದ ಹೋದೆ."

ಇದಕ್ಕೆ ಏನು ಹೇಳಬೇಕು ಎಂದು ಯಾವ ವಾರ್ಡನ್ನೂ ನನಗೆ ಕಲಿಸಿಲ್ಲ. ಕ್ಷಮಿಸು ಎಂದೆ. ಆ ಶಬ್ದವನ್ನು ಒಬ್ಬ ವಿದ್ಯಾರ್ಥಿನಿಗೆ ನಾನು ಹಿಂದೆ ಹೇಳಿದ ನೆನಪಿಲ್ಲ. ಅವಳು ಕೆರೆಯ ಕಡೆ ನೋಡಿದಳು, ಕೋಡಿಯ ಕಡೆ ನೋಡಿದಳು.

"ಗಡಿಯಾರ ತಂದೀರೇನು?"

"ತಂದೀನಿ."

"ಕುರಿ ಕೂಡಿಹಾಕಿ, ಉಂಡು, ಸ್ವಲ್ಪ ಮಲಗ್ತೀನಿ. ಸಂಜಿ ಐದಕ್ಕ ಬರ್ತೀನಿ. ಎಮ್ಮಿ ಮ್ಯಾಲ ಕುಂದ್ರಸಬ್ಯಾಡ್ರಿ ಅದನ್ನ."

ನಾನು ಸುರಪುರಕ್ಕೆ ವಾಪಸು ಹೋಗಲಿಲ್ಲ. ತೂಬಿನ ಪಕ್ಕದ ಬೇವಿನ ಗಿಡದ ಕೆಳಗೆ ಇಡೀ ದಿನ ಕೂತೆ. ಐದಕ್ಕೆ ಹತ್ತು ನಿಮಿಷ ಇರುವಾಗ ಅವಳು ಬಂದಳು, ಬರಿಗಾಲಲ್ಲಿ, ಹಳೆಯ ಕಾಲೇಜಿನ ಚೂಡಿದಾರದಲ್ಲಿ. ಸಿದ್ದಪ್ಪ ಕುರಿ ಕಾಯುವ ಕೋಲು ಹಿಡಿದು ಬಂದು ದೂರ ನಿಂತ. ಅವನಿಗೆ ಹೆಂಡತಿ ಹೇಳಿದ್ದಿರಬೇಕು, ನನಗೆ ನಮಸ್ಕಾರ ಮಾಡಲಿಲ್ಲ. ನಾಗಮ್ಮ ಏರಿಯ ಕೆಳಗೇ ಉಳಿದಳು.

ಸೀಟಿ ಊದಿದೆ. ಮೊದಲ ತಿರುವಿನವರೆಗೆ ಹಳೆಯ ಮಾಳಮ್ಮನೇ. ಎರಡನೆಯದರಲ್ಲಿ ಭುಜ ಏರಿತು. ದಿನವಿಡೀ ನಡೆಯುವ ಕಾಲಿಗೆ ಓಡುವುದು ಮರೆತಿತ್ತು. ಹೆಜ್ಜೆ ಗಟ್ಟಿ, ಆದರೆ ಚಿಕ್ಕದು. ಮೂರನೇ ತಿರುವಿನಲ್ಲಿ ಅವಳ ಬಾಯಿ ತೆರೆದಿತ್ತು, ಕಣ್ಣು ನೆಟ್ಟಗೆ ನನ್ನ ಕೈಯ ಮೇಲಿತ್ತು. ಕೊನೆಯ ಇನ್ನೂರು ಮೀಟರಿಗೆ ಕೆಳಗಿನಿಂದ ನಾಗಮ್ಮನ ದನಿ ಬಂತು. "ಎತ್ತ ಕಾಲ್, ಮಾಳಿ! ಎತ್ತ!" ಗೆರೆ ದಾಟಿ ಅವಳು ನೆಲಕ್ಕೆ ಕೂತಳು.

ಹನ್ನೊಂದು ನಿಮಿಷ ಆರು ಸೆಕೆಂಡು.

ನಾನು ಎರಡು ಸಲ ನೋಡಿದೆ. ಎರಡು ವರ್ಷದ ಹಿಂದೆ ನಾನು ಸುಳ್ಳಾಗಿ ಬರೆದ ಟೈಮಿಗೆ ಅವಳು ಇಂದು ನಿಜವಾಗಿ ಬಂದು ಮುಟ್ಟಿದ್ದಳು, ಒಂದೇ ಸೆಕೆಂಡಿನ ವ್ಯತ್ಯಾಸಕ್ಕೆ.

"ಎಷ್ಟ್ರಿ?"

ಹೇಳಿದೆ. ಅವಳು ತಲೆ ಬಗ್ಗಿಸಿ ಮಣ್ಣಿನಲ್ಲಿ ಬೆರಳಾಡಿಸಿದಳು. ಲೆಕ್ಕ ಅವಳಿಗೂ ಗೊತ್ತಾಗಿತ್ತು.

ಕಟ್ಟೆಯ ಮೇಲೆ ಹತ್ತಿ ಕೋಚಿಗೆ ಫೋನ್ ಹಚ್ಚಿದೆ. ಮೊದಲ ಸಲ ಎತ್ತಲಿಲ್ಲ, ಎರಡನೇ ಸಲವೂ ಇಲ್ಲ. ಆರು ಗಂಟೆಗೆ ಎತ್ತಿದರು. ಹೆಸರು ಹೇಳಿದೆ. ಎರಡು ವರ್ಷದ ಹಿಂದಿನ ಮಾತು ಅವರಿಗೆ ನೆನಪಿತ್ತು.

"ಈಗಿನ ಟೈಮ್?"

"ಹನ್ನೊಂದು ಆರು. ಎರಡು ವರ್ಷ ಅಭ್ಯಾಸ ಇಲ್ಲದೆ, ಇಂದು ಬೆಳಿಗ್ಗೆ ತಾನೆ ದೂರದಿಂದ ನಡೆದು ಬಂದು. ಇದಕ್ಕೆ ನಾನು ಏನೂ ಕೂಡಿಸಿಲ್ಲ."

"ಈ ಟೈಮಿಗೆ ನಾನು ಮಾತು ಕೊಡಲಾರೆ ಅಮ್ಮಾ."

"ಮಾತು ಬೇಡ. ಒಮ್ಮೆ ನೋಡಿ. ಈ ಹುಡುಗಿಗಾಗಿ ನಾನು ಕೇಳುತ್ತಿದ್ದೇನೆ" ಎಂದೆ. ಅರವತ್ತೇಳು ವರ್ಷದಲ್ಲಿ ಈ ವಾಕ್ಯ ನನ್ನ ಬಾಯಿಂದ ಬಂದದ್ದು ಇದೇ ಮೊದಲು. ಸಿದ್ದಪ್ಪ ಹತ್ತಿರ ಬಂದು ನಿಂತಿದ್ದ. ನಾಗಮ್ಮ ಮೇಲೆ ಹತ್ತಿದ್ದಳು.

ಜುಲೈ ಕೊನೆಗೆ ಒಂದು ಓಟ ಇಡುತ್ತೇನೆ, ಬರಲಿ, ಎರಡು ದಿನ ಊಟ, ಮಲಗಲು ಜಾಗ ಇರುತ್ತದೆ, ಸೀಟಿನ ವಿಷಯ ಈಗ ಕೇಳಬೇಡಿ ಎಂದು ಆಕೆ ಹೇಳಿದರು. ಅದನ್ನು ಇದ್ದ ಹಾಗೆಯೇ ಮೂವರಿಗೂ ಹೇಳಿದೆ. ಒಂದು ಅಕ್ಷರ ಹೆಚ್ಚಿಸಲಿಲ್ಲ, ಇಳಿಸಲಿಲ್ಲ.

"ಏಳು ವಾರ" ಎಂದಳು ಮಾಳಮ್ಮ. "ಸಾಲ್ತದೇನ್ರಿ?"

ಗೊತ್ತಿಲ್ಲ ಎಂದೆ. ಅದೂ ನಿಜವೇ ಆಗಿತ್ತು. ನಾಳೆ ಐದೂವರೆಗೆ ಇಲ್ಲಿರು ಎಂದೆ. ನಾಗಮ್ಮ ಮಗಳ ಕಾಲಿಗೆ ಹತ್ತಿದ ಒಂದು ಮುಳ್ಳನ್ನು ಕೂತು ತೆಗೆಯತೊಡಗಿದಳು.

ಬೆಳಕು ಇನ್ನೂ ಇತ್ತು. ನೀಲಿ ರಟ್ಟಿನ ಪುಸ್ತಕ ತೆರೆದು ಹೊಸ ಸಾಲು ಹಾಕಿದೆ. ಜೂನ್ ಎಂಟು, ಸಂಜೆ. ಮಾಳಮ್ಮ, ಮೂರು ಸಾವಿರ ಮೀಟರ್. ಹನ್ನೊಂದು ನಿಮಿಷ ಆರು ಸೆಕೆಂಡು. ತಿರುವಿನ ಜುಲ್ಮಾನೆ, ಇಲ್ಲ. ಪೆನ್ನು ಮುಚ್ಚಿದೆ.